ಬೂಸ್ಟ್ ಡಬ್ಬಿಯ ಬೂಷ್ಟು

ಜುಲೈ ೬, ಭಾನುವಾರ

ಅನ್ನಪೂರ್ಣ ಹೆಚ್ಚಿಟ್ಟ ಸೀಬೆಹಣ್ಣಿನ ಹೋಳಿನಿಂದ ಇವತ್ತು ಬೆಳಿಗ್ಗೆ ಒಂದು ಬಿಳಿ ಹುಳು ಜಿಗಿದು ನನ್ನ ಕನ್ನಡಕದ ಮೇಲೆ ಕುಳಿತಿತು. ಕಣ್ಣಿಗೂ ಹುಳುವಿಗೂ ನಡುವೆ ಗಾಜಿನಷ್ಟೇ ಅಂತರ. ಇಷ್ಟು ಹತ್ತಿರದಿಂದ ನನ್ನನ್ನು ಈವರೆಗೆ ಯಾರೂ ಪರೀಕ್ಷಿಸಿರಲಿಲ್ಲ.

"ನಮ್ದು ಸಸ್ಯಾಹಾರಿ ಮನೆ. ಆ ತಟ್ಟೆ ಹೊರಗಿಟ್ಟು ಬರ್ರಿ" ಎಂದಳು ಅನ್ನಪೂರ್ಣ.

ಹಣ್ಣು ನಮ್ಮದೇ ತೋಟದ್ದು; ತೋಟಕ್ಕೆ ಮನೆಯಿಂದ ಬಸ್ಸಿನಲ್ಲಿ ಹೋಗಬೇಕು. ಹೊರಗಿನಿಂದ ನೋಡಿದರೆ ಮದುಮಗಳ ಕೆನ್ನೆ, ಒಳಗೆ ಛತ್ರದ ತುಂಬ ಬೀಗರು. ಇದು ಹಣ್ಣುನೊಣದ ಕೆಲಸ. ಕಾಯಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಹುಳು ಒಳಗೇ ಉಂಡು ಬೆಳೆಯುತ್ತದೆ, ಹಣ್ಣು ಉದುರುತ್ತದೆ, ಹುಳು ಮಣ್ಣಿಗಿಳಿದು ಕೋಶವಾಗಿ ಮಲಗಿ ನೊಣವಾಗಿ ಏಳುತ್ತದೆ. ಮೇಲಿಂದ ವಿಷ ಹೊಡೆದರೆ ಒಳಗಿರುವ ಹುಳುವಿಗೆ ತಾಗುವುದಿಲ್ಲ, ತಿನ್ನುವ ನಮಗೆ ತಾಗುತ್ತದೆ. ಮೂವತ್ತು ವರ್ಷ ಪಿಯು ಹುಡುಗರಿಗೆ ರಸಾಯನಶಾಸ್ತ್ರ ಕಲಿಸಿದವನ ತೋಟದಲ್ಲೇ ರಸಾಯನ ಸೋತಿದೆ.

ಅನ್ನಪೂರ್ಣ ಕಾಫಿ ಕೊಟ್ಟಳು. ಮೂಸಿ ನೋಡಿ ಕುಡಿದೆ.

"ಮದ್ವೆ ಆದಾಗಿಂದ ಒಂದು ದಿನ ಮೂಸ್ದೆ ಕುಡಿದಿಲ್ಲ ನೀವು. ನಾನೇನು ವಿಷ ಹಾಕ್ತೀನಾ?"

ಮೂಸುವುದು ನಮ್ಮ ವೃತ್ತಿಧರ್ಮ. ಮೂಸದೆ ಕುಡಿಯುವ ರಸಾಯನಶಾಸ್ತ್ರದ ಮೇಷ್ಟ್ರು ಪಿಂಚಣಿಯವರೆಗೆ ತಲುಪುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಅವಳಿಗೆ ಅರ್ಥವಾಗುವುದಿಲ್ಲ.

ಜುಲೈ ೮, ಮಂಗಳವಾರ

ಚಳ್ಳಕೆರೆಯ ರೈತರ ಸಂಘದ ಮಳಿಗೆಗೆ ಹೋಗಿದ್ದೆ. ಅಲ್ಲಿ ಪವಿತ್ರ ಎಂಬ ಹುಡುಗಿ, ಕೃಷಿ ಓದಿದವಳು, ಒಂದು ಬಿಳಿ ಪುಡಿಯ ಪೊಟ್ಟಣ ಮುಂದಿಟ್ಟಳು. ಬಿಚ್ಚಿ ಮೂಸಿದೆ.

"ಸಾರ್, ಮೂಗಿಗೆ ಹತ್ತಿರ ಹಿಡೀಬೇಡಿ. ಅದರಲ್ಲಿ ಜೀವ ಐತೆ."

"ಮೈದಾ ಹಿಟ್ಟಿನ ವಾಸನೆ ಬರ್ತಿದೆಯಲ್ಲಮ್ಮ."

"ಬ್ಯೂವೇರಿಯಾ ಅಂತ, ಒಂದು ಶಿಲೀಂಧ್ರ."

ದೇವೇಂದ್ರ, ಮಹೇಂದ್ರ, ನಾಗೇಂದ್ರ ಎಲ್ಲರಿಗೂ ಪಾಠ ಮಾಡಿದ್ದೇನೆ; ಶಿಲೀಂಧ್ರನನ್ನು ನಂಬುವುದು ಹೇಗೆ? ಹುಡುಗಿ ಬೇಸರಿಸದೆ ಬಿಡಿಸಿ ಹೇಳಿದಳು. ಪುಡಿಯನ್ನು ಕಳಿತ ಗೊಬ್ಬರಕ್ಕೆ ಬೆರೆಸಿ, ಬೆಲ್ಲದ ನೀರು ಚಿಮುಕಿಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಹದಿನೈದು ದಿನ ಇಡಬೇಕು. ಬಿಳಿ ಬೂಷ್ಟು ಹಬ್ಬುತ್ತದೆ. ಆಮೇಲೆ ಗಿಡದ ಬುಡಕ್ಕೆ ಹಾಕಿದರೆ ಮಣ್ಣಿನಲ್ಲಿರುವ ನೊಣದ ಕೋಶಕ್ಕೆ ಅದೇ ಹತ್ತಿಕೊಳ್ಳುತ್ತದೆ. ಜನಕ್ಕೆ, ದನಕ್ಕೆ ತೊಂದರೆಯಿಲ್ಲ. ಸೂಕ್ಷ್ಮಜೀವಿಯಂತೆ. ಅನ್ನಪೂರ್ಣ ನನ್ನನ್ನೂ ಹಾಗೇ ಕರೆಯುತ್ತಾಳೆ, ಸಣ್ಣ ಮಾತಿಗೆ ಮುನಿಸಿಕೊಳ್ಳುವುದಕ್ಕೆ. ಇಷ್ಟು ಜನರಿಗೆ ಸುರಕ್ಷಿತವಾದದ್ದು ನೊಣಕ್ಕೂ ಸುರಕ್ಷಿತವೇ ಇರಬೇಕು ಎಂಬುದು ನನ್ನ ಅನುಮಾನ.

"ತೋಟದ ಹತ್ರ ಯಾರಾದ್ರೂ ರೇಷ್ಮೆ ಹುಳ ಸಾಕ್ತಾರಾ ಸಾರ್? ಅದು ಮುಖ್ಯ, ನೋಡ್ಕೊಂಡು ಹೇಳಿ."

ಪಠ್ಯದ ಹೊರಗಿನ ಪ್ರಶ್ನೆ. ಹುಡುಕುವಂಥದ್ದೇನೂ ಇರಲಿಲ್ಲ, ಇಲ್ಲ ಎಂದೆ. ಯಾಕೆ ಎಂದು ಕೇಳಲಿಲ್ಲ. ಕೇಳಿದರೆ ಇನ್ನೊಂದು ಪೊಟ್ಟಣ ಮಾರುತ್ತಾಳೆ.

ನಾನು ಹೇಳಿದ್ದು ನಿಜವೇ. ಬೇಲಿಯಾಚೆ ಬೋರಕ್ಕನ ಹಿಪ್ಪುನೇರಳೆ ತೋಟವಿದೆ, ಹುಳು ಸಾಕುವ ಶೆಡ್ಡೂ ಇದೆ, ಆದರೆ ಹೋದ ವರ್ಷ ಬೆಳೆ ಕೈಕೊಟ್ಟ ಮೇಲೆ ಆಕೆ ಹುಳು ತಂದಿಲ್ಲ. ಬಸ್ಸಿನಲ್ಲಿ ಆಕೆಯ ತಮ್ಮ ಕ್ಯಾತಣ್ಣನೇ ಹೇಳಿದ್ದ: "ಸೊಪ್ಪಿನ ತೋಟ ಕಿತ್ತು ದಾಳಿಂಬೆ ಹಾಕಾನ ಅಂದ್ರೆ ಅಕ್ಕ ಕೇಳಲ್ಲ ಸಾರು. ಇನ್ನೊಂದು ಬೆಳೆ ನೋಡ್ತೀನಿ ಅಂತಾಳೆ. ಅದೂ ಹೋದ್ರೆ ಮಾತೇ ಇಲ್ಲ, ಜೆಸಿಬಿ ತರ್ಸೋದೇ." ಬೋರಕ್ಕ ಮದುವೆಯಾಗಿ ಬಂದ ವರ್ಷ ತನ್ನ ಕೈಯಾರೆ ನೆಟ್ಟ ಕಡ್ಡಿಗಳು ಅವು.

ಜುಲೈ ೧೦, ಗುರುವಾರ

ಬೇವಿನ ಮರದ ನೆರಳಲ್ಲಿ, ಬೇಲಿಗೆ ಒತ್ತಿ ಗೊಬ್ಬರದ ಗುಡ್ಡೆ ಮಾಡಿ ಪುಡಿ ಬೆರೆಸಿದೆ. ಯಾರಿಗೂ ಹೇಳಿಲ್ಲ. ಆಮ್ಲ, ಪ್ರತ್ಯಾಮ್ಲ ಎಂದು ಬೋರ್ಡು ಬಡಿದವನು ಬೂಷ್ಟಿಗೆ ಬೆಲ್ಲ ತಿನ್ನಿಸುತ್ತಿದ್ದಾನೆ ಎಂದು ಗೊತ್ತಾದರೆ ಊರಿನ ಬಾಯಿಗೆ ನಾನೇ ಬೆಲ್ಲವಾಗುತ್ತೇನೆ.

ಸಂಶಯವಿದ್ದಲ್ಲಿ ಸಂಶೋಧನೆ. ಸೀಬೆ ಬುಡದ ಮಣ್ಣು ಕೆದಕಿ ನೊಣದ ಕೋಶಗಳನ್ನು ಆರಿಸಿ, ಮನೆಯ ಹಳೆಯ ಬೂಸ್ಟ್ ಡಬ್ಬಿಯಲ್ಲಿ ಒಂದು ಚಮಚ ಪುಡಿಯೊಡನೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದೇನೆ. ಅನ್ನಪೂರ್ಣ ಅದನ್ನು ದೇವರ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಂಗಳಕ್ಕೆ ಗಡೀಪಾರು ಮಾಡಿದಳು.

ಬೇಲಿಯ ಬದಿಯ ಕೊಂಬೆಗೆ ನೊಣದ ಬಾಟಲಿಯನ್ನೂ ಕಟ್ಟಿದೆ. ಒಳಗೆ ಲವಂಗದ ವಾಸನೆಯ ಮರದ ತುಂಡು. ಅದನ್ನು ಹೆಣ್ಣೆಂದು ನಂಬಿ ಗಂಡುನೊಣಗಳು ನುಗ್ಗಿ ಸಾಯುತ್ತವೆ. ಗಂಡಸರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದು ಬೇಡ.

ಜುಲೈ ೧೭, ಗುರುವಾರ

ಬೋರಕ್ಕನ ನಡೆ ಸರಿಯಿಲ್ಲ.

ಹೋದ ವಾರದವರೆಗೆ ನನ್ನನ್ನು ಕಂಡರೆ "ಟೀ ಕುಡ್ಕಂಡು ಹೋಗ್ರಿ ಮೇಷ್ಟ್ರೇ" ಎನ್ನುತ್ತಿದ್ದವರು ಈಗ ಸೆರಗು ಎಳೆದುಕೊಂಡು ಶೆಡ್ಡಿನ ಹಿಂದೆ ಹೋಗುತ್ತಾರೆ. ಕಿಟಕಿಗೆ ಹೊಸ ಹಸಿರು ಪರದೆ. ಬಾಗಿಲ ಮುಂದೆ ಉದ್ದಕ್ಕೆ ಸುಣ್ಣದ ಗೆರೆ. ದಿನಕ್ಕೆ ಮೂರು ಹೊತ್ತು ಹೊರೆ ಹೊರೆ ಸೊಪ್ಪು ಕುಯ್ದು ಒಳಗೆ ಒಯ್ಯುತ್ತಾರೆ.

"ಯಾರಿಗೆ ಬೋರಕ್ಕ, ಅಷ್ಟು ಸೊಪ್ಪು?" ಎಂದೆ.

"ಮೇಕೆಗೆ" ಎಂದರು.

ನಾನು ಮೂರು ದಿನದಿಂದ ಕಾಯುತ್ತಿದ್ದೇನೆ. ಮೇಕೆ ಅರಚಿಲ್ಲ, ಹಿಕ್ಕೆ ಹಾಕಿಲ್ಲ. ಇಷ್ಟು ಶಿಸ್ತಿನ ಮೇಕೆಯನ್ನು ನಾನು ಕಂಡಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಇಂಥ ಮುಖಗಳನ್ನು ಬಹಳ ನೋಡಿದ್ದೇನೆ: ಕಣ್ಣು ಕಿಟಕಿಯ ಕಡೆ ಇದ್ದರೆ ಚೀಟಿ ಸಾಕ್ಸಿನಲ್ಲಿರುತ್ತದೆ. ಆ ಸುಣ್ಣದ ಗೆರೆ ನನ್ನ ತೋಟದ ಕಡೆಗೇ ಮುಖ ಮಾಡಿದೆ. ಮಾಟವೇ ಇರಬಹುದು. ವಿಜ್ಞಾನಿಯಾಗಿ ನಾನು ಮಾಟವನ್ನು ನಂಬುವುದಿಲ್ಲ. ಆದರೆ ಬರುವಾಗ ಅದನ್ನು ತುಳಿಯದೆ ಸುತ್ತು ಹಾಕಿಕೊಂಡು ಬಂದೆ.

ಜುಲೈ ೧೯, ಶನಿವಾರ

ಬಾಟಲಿ ಕಾಣೆಯಾಗಿದೆ. ಹಗ್ಗ ಕೊಂಬೆಯಲ್ಲೇ ಇದೆ, ಕುಡುಗೋಲಿನಿಂದ ಕೊಯ್ದ ಗುರುತು. ಕೋತಿಗಳು ಕುಡುಗೋಲು ಹಿಡಿಯುವುದಿಲ್ಲ.

ಗುಡ್ಡೆಯನ್ನು ಮಗುಚಿ, ಕಾಲಿನಿಂದಲೇ ಹರಡಿ ನೀರು ಚಿಮುಕಿಸಿ, ಆ ಕಾಲಿನಲ್ಲೇ ಬೇಲಿಯ ಸಂದಿಯಲ್ಲಿ ತೂರಿದೆ. ಬೋರಕ್ಕ ಸೊಪ್ಪಿನ ತೋಟದ ಆ ತುದಿಯಲ್ಲಿದ್ದರು. ಸುಣ್ಣದ ಗೆರೆ ದಾಟಿ ಶೆಡ್ಡಿನ ಗೋಡೆಯುದ್ದಕ್ಕೂ, ಕಿಟಕಿಯ ಕೆಳಗೂ ಹುಡುಕಿದೆ. ಬಾಟಲಿ ಸಿಗಲಿಲ್ಲ. ಬ್ಲೀಚಿಂಗ್ ಪುಡಿಯ ವಾಸನೆ ಸಿಕ್ಕಿತು. ಮೇಕೆಗೆ ಬ್ಲೀಚಿಂಗ್ ಪುಡಿ.

ಮನೆಯಲ್ಲಿ ಹೇಳಿದರೆ ಅನ್ನಪೂರ್ಣ ಅಕ್ಕಿ ಆರಿಸುತ್ತಲೇ, "ಅವ್ರಿಗೂ ನಿಮ್ಮ ಮೇಲೆ ಅನುಮಾನ ಇರಬಹುದು" ಎಂದಳು.

ನನ್ನ ಮೇಲೆ ಏತಕ್ಕೆ?

ಜುಲೈ ೨೨, ಮಂಗಳವಾರ

ಎರಡು ದೊಡ್ಡ ಸುದ್ದಿ.

ಒಂದು: ಬೂಸ್ಟ್ ಡಬ್ಬಿಯಲ್ಲಿ ಬೂಷ್ಟು! ಕೋಶದಿಂದ ಎದ್ದು ಬಂದ ನೊಣಗಳು ಹಾರಲಾರದೆ ಸತ್ತು ಬಿದ್ದಿದ್ದವು. ಈಗ ಒಂದೊಂದರ ಮೈಮೇಲೂ ಬಿಳಿ ಉಣ್ಣೆ, ಶಾಲು ಹೊದ್ದು ಸನ್ಮಾನ ಮಾಡಿಸಿಕೊಂಡಂತೆ. ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ನೋಡಿದೆ. ಹುಡುಗಿ ಹೇಳಿದ್ದು ಅಕ್ಷರಶಃ ಸತ್ಯ. ನನಗೆ ಸ್ವಲ್ಪ ನಿರಾಸೆಯೂ ಆಯಿತು.

ಎರಡು: ಸಂಜೆ ಬೋರಕ್ಕನ ಶೆಡ್ಡಿನ ಒಳಗೆ ಮಳೆ ಬರುತ್ತಿತ್ತು. ಹೊರಗೆ ಹನಿ ಇಲ್ಲ, ಮೋಡವಿಲ್ಲ, ಬರೀ ಗಾಳಿ. ಒಳಗೆ ಮಾತ್ರ ಸೊರಸೊರ ಎಂದು ಸೋನೆ ಹಿಡಿದ ಸದ್ದು. ತಡೆಯಲಾಗಲಿಲ್ಲ. ಮತ್ತೆ ಗೆರೆ ದಾಟಿದೆ, ಪರದೆ ಸರಿಸಿದೆ. ಸ್ಟ್ಯಾಂಡಿನ ಅಂತಸ್ತು ಅಂತಸ್ತಿನಲ್ಲಿ ಸೊಪ್ಪು, ಸೊಪ್ಪಿನ ತುಂಬ ಬಿಳಿ ಹುಳುಗಳು, ಸಾವಿರಗಟ್ಟಲೆ, ತಲೆ ಆಡಿಸುತ್ತ ಮೇಯುತ್ತಿವೆ. ಮಳೆಯ ಸದ್ದು ಅವುಗಳ ಊಟದ್ದು. ಇದು ಮೇಕೆ! ಮೇಯುವುದೆಲ್ಲ ಮೇಕೆ ತಾನೆ.

ಹುಳು ತಂದದ್ದನ್ನು ಈ ಕಡೆಯವರು ಯಾರಿಗೂ ಹೇಳುವುದಿಲ್ಲ, ದೃಷ್ಟಿಯಾಗುತ್ತದೆ ಎಂದು. ಬೋರಕ್ಕನ ಆ ಕೊನೆಯ ಬೆಳೆ ಇದೇ ಇರಬೇಕು. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಅವರು 'ಹಣ್ಣಾಯಿತು' ಎನ್ನುತ್ತಾರೆ. ನನ್ನ ಹಣ್ಣಿನಲ್ಲಿ ಹುಳು ಇರಬಾರದು, ಅವರ ಹುಳು ಹಣ್ಣಾಗಬೇಕು. ಭಲೇ ನೆರೆಹೊರೆ. ನಾಳೆ ಪವಿತ್ರಗೆ ಫೋನು ಮಾಡಿ ಎರಡೂ ಸುದ್ದಿ ಹೇಳಬೇಕು, ಹುಡುಗಿ ನಗುತ್ತಾಳೆ.

ಜುಲೈ ೨೩, ಬುಧವಾರ

ಹುಡುಗಿ ನಗಲಿಲ್ಲ.

ಡಬ್ಬಿಯ ವಿಷಯ ಕೇಳಿ "ಒಳ್ಳೇದು ಸಾರ್" ಎಂದಳು. ಮೇಕೆಯ ಕಥೆ ಕೇಳಿದ ಮೇಲೆ, "ಸಾರ್, ನೀವು ರೇಷ್ಮೆ ಇಲ್ಲ ಅಂದಿದ್ರಿ."

"ಆಗ ಇರಲಿಲ್ಲಮ್ಮ."

"ಅದೇ ಬೂಷ್ಟು ಸಾರ್, ರೇಷ್ಮೆ ಹುಳಕ್ಕೆ ಸುಣ್ಣಕಟ್ಟು ರೋಗ ತರೋದು. ನೊಣ ಯಾವ್ದು, ರೇಷ್ಮೆ ಯಾವ್ದು ಅಂತ ಅದು ನೋಡಲ್ಲ. ಗುಡ್ಡೆ ಎಲ್ಲೈತೆ?"

ಹೇಳಿದೆ.

"ಗಾಳಿ ಯಾವ ಕಡೆಗೆ?"

ಅದನ್ನೂ ಹೇಳಿದೆ. ಒಣಗಲು ಬಿಡಬೇಡಿ, ಎತ್ತಿ ಸಾಗಿಸಬೇಡಿ, ಚೆನ್ನಾಗಿ ನೆನೆಸಿ ಅಲ್ಲೇ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ, ಈಗಲೇ, ಎಂದಳು. ಹೂತು ಸುಮ್ಮನಿದ್ದರೆ ಬೋರಕ್ಕನಿಗೆ ಗೊತ್ತಾಗುತ್ತಿರಲಿಲ್ಲ. ತೋಟಕ್ಕೆ ಹೋಗುವ ಬಸ್ಸಿನಲ್ಲಿ ಬಳ್ಳಾರಿ ರಸ್ತೆಯುದ್ದಕ್ಕೂ ಆ ಲೆಕ್ಕ ಹಾಕಿದೆ. ಆದರೆ ಗಾಳಿ ಜೋರಾಗಿತ್ತು, ಸುಣ್ಣವಿದ್ದದ್ದು ಬೋರಕ್ಕನ ಮನೆಯಲ್ಲಿ.

ಗೆರೆಯ ಈಚೆ ನಿಂತು ಕೂಗಿದೆ.

"ಯಾರೂ ಇಲ್ಲ" ಎಂದು ಬೋರಕ್ಕನೇ ಒಳಗಿನಿಂದ ಹೇಳಿದರು.

"ಹುಳ ಇರೋದು ಗೊತ್ತು ಬೋರಕ್ಕ."

ಹೊರಗೆ ಬಂದು ಬಾಗಿಲು ಎಳೆದುಕೊಂಡರು. "ಯಾರು ಹೇಳಿದ್ರು? ಕ್ಯಾತನಾ?"

"ನಾನೇ ನೋಡಿದೆ. ಕಿಟಕಿಯಿಂದ."

"ಗೆರೆ ದಾಟಿ?"

"ಹೂಂ. ಎರಡು ಸಲ."

"ಕಾಲಾಗೆ ಏನಿತ್ತು?"

ಏನಿತ್ತೆಂದು ಹೇಳಿದೆ. ಪುಡಿ, ಗೊಬ್ಬರ, ಬೂಷ್ಟು, ಎಲ್ಲ. ಬೋರಕ್ಕ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

"ಸತ್ತ ನೊಣ ತುಂಬಿಸಿ ಬಾಟ್ಲಿ ನನ್ನ ಶೆಡ್ಡಿಗೆ ಎದುರಾಗಿ ಕಟ್ಟಿದ್ರಲ್ಲ, ಅದು ಮಾಟ ಅಂತ ತಿಳ್ಕಂಡಿದ್ದೆ ಮೇಷ್ಟ್ರೇ. ಕೊಯ್ದು ಹಳ್ಳಕ್ಕೆ ಬಿಸಾಕಿ ಬಂದೆ, ಇನ್ನೇನು ಭಯ ಇಲ್ಲ ಅಂದ್ಕಂಡೆ. ಮಾಟ ನಿಮ್ಮ ಪಾದದಾಗೆ ಬಂತಲ್ಲ."

ಕ್ಯಾತಣ್ಣ ಹಿಂದಿನಿಂದ ಬಂದು ಎಲ್ಲ ಕೇಳಿಸಿಕೊಂಡಿದ್ದ. "ಅಯಿಪೋಯಿಂದಿ, ಎಲ್ಲ ಮುಗೀತು. ನಾಳೆ ದಾಳಿಂಬೆ ಸಸಿಗೆ ಹೇಳ್ತೀನಿ ಬಿಡಕ್ಕ" ಎಂದ.

"ಬಾಯಿ ಮುಚ್ಚಲೇ. ಇನ್ನೂ ಮೇಯ್ತಾ ಅವೆ." ಬೋರಕ್ಕ ಎದ್ದು ಸುಣ್ಣದ ಚೀಲವನ್ನು ಗೆರೆಯ ಮೇಲಿಂದ ನನ್ನ ಕಡೆ ತಳ್ಳಿದರು. "ತಗಂಡು ಹೋಗ್ರಿ. ಅವು ಗೂಡು ಕಟ್ಟೋವರ್ಗೂ ಆ ಬೇವಿನ ಮರದಿಂದ ಈಚೆ ನಿಮ್ಮ ಕಾಲು ಕಾಣಬಾರ್ದು."

ಗುಡ್ಡೆಗೆ ಬಿಂದಿಗೆ ಬಿಂದಿಗೆ ನೀರು ಹೊಯ್ದು, ಗುಂಡಿ ತೋಡಿ, ಸುಣ್ಣದೊಡನೆ ಮುಚ್ಚಿದೆ. ಚಪ್ಪಲಿಯನ್ನೂ ಅದರಲ್ಲೇ ಹಾಕಿದೆ. ಬರಿಗಾಲಿನಲ್ಲಿ ಬಸ್ಸು ಹತ್ತಿದೆ. ಕಂಡಕ್ಟರು ಹರಕೆಯಾ ಎಂದು ಕೇಳಿದ. ಹೌದು ಎಂದೆ.

ಅನ್ನಪೂರ್ಣ ಬಿಸಿನೀರು ತಂದು ಕಾಲಿಗೆ ಹೊಯ್ದಳು. "ಮೂವತ್ತು ವರ್ಷ ಬೇರೆಯವ್ರ ಸಾಕ್ಸು ತಡಕಿದ್ರಿ" ಎಂದಳು.

ಜುಲೈ ೨೪, ಗುರುವಾರ

ಮೊದಲ ಬಸ್ಸಿಗೆ ಹೋಗಿ ಬೇವಿನ ಮರದಿಂದ ಈಚೆ, ನನ್ನ ಬದಿಗೇ ನಿಂತೆ. ಬೋರಕ್ಕ ಸೊಪ್ಪಿನ ಹೊರೆ ಇಳಿಸಿ, ನನ್ನನ್ನು ನೋಡದೆ ಕೂಗಿದರು: "ಮೇಯ್ತಾ ಅವೆ."

ಉದುರಿದ ಸೀಬೆಯೆಲ್ಲ ಆರಿಸಿ ಆಳಕ್ಕೆ ಹೂತೆ. ಇನ್ನು ನೊಣಕ್ಕೆ ಇದೊಂದೇ ಮದ್ದು. ಅರ್ಧಕ್ಕರ್ಧ ಹಣ್ಣು ಹೋಗಿದೆ.

ಜುಲೈ ೨೫, ಶುಕ್ರವಾರ

"ಮೇಯ್ತಾ ಅವೆ."

ಜುಲೈ ೨೬, ಶನಿವಾರ

ಬೋರಕ್ಕ ಕೂಗಲಿಲ್ಲ. ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಒಂದು ಕಡ್ಡಿಯ ತುದಿಯಲ್ಲಿ ಏನನ್ನೋ ಎತ್ತಿ ಹಿಡಿದುಕೊಂಡು ಗೆರೆಯವರೆಗೆ ಬಂದರು. ಬೆರಳುದ್ದ, ಬೆಳ್ಳಗೆ, ಸೆಟೆದು ಗಟ್ಟಿಯಾಗಿತ್ತು.

"ಸೀಮೆಸುಣ್ಣ ನೋಡ್ರಿ ಮೇಷ್ಟ್ರೇ. ನಿಮ್ಮ ಕಸುಬಿನದು."

ಕಿಟಕಿಯ ಪಕ್ಕದ ಸ್ಟ್ಯಾಂಡಿನಲ್ಲಿ ಅಲ್ಲಲ್ಲಿ ಸತ್ತಿವೆಯಂತೆ. ಮಿಕ್ಕ ಸ್ಟ್ಯಾಂಡುಗಳಲ್ಲಿ ಸದ್ಯಕ್ಕೆ ಇಲ್ಲ. ಪವಿತ್ರಗೆ ಫೋನು ಮಾಡಿ, ಆಕೆ ಹೇಳಿದ್ದನ್ನು ಒಂದೊಂದಾಗಿ ಬೇಲಿಯಾಚೆಗೆ ಕೂಗಿದೆ: ಸತ್ತದ್ದರ ಜೊತೆಗಿದ್ದದ್ದನ್ನೂ ತೆಗೆದುಬಿಡಬೇಕು, ಸೊಪ್ಪಿನ ಹಾಸು ಒಣಗಿರಬೇಕು, ಸುಣ್ಣ ಧೂಳಿಸಬೇಕು, ತೇವ ನಿಲ್ಲಬಾರದು. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಕೊನೆಯ ಬೆಂಚಿಗೆ ಪಾಠ ಮಾಡುವಾಗಲೂ ಹೀಗೆ ಕೂಗಿರಲಿಲ್ಲ.

ಕ್ಯಾತಣ್ಣ ಗುಂಡಿ ತೋಡಿದ. ಆ ಸ್ಟ್ಯಾಂಡಿನ ಹುಳುಗಳನ್ನು, ಇನ್ನೂ ಮೇಯುತ್ತಿದ್ದವುಗಳನ್ನೂ, ಹಾಸಿನ ಸಮೇತ ಅದಕ್ಕೆ ಸುರಿದು ಸೀಮೆಎಣ್ಣೆ ಹಾಕಿ ಸುಟ್ಟರು. ಬೋರಕ್ಕ ಅಲ್ಲಿ ನಿಲ್ಲಲಿಲ್ಲ. ಗಾಳಿ ತಿರುಗಿ ಹೊಗೆ ನನ್ನ ಕಡೆಗೇ ಬಂತು. ನಾನು ಜಾಗ ಬಿಟ್ಟು ಕದಲಲಿಲ್ಲ.

ಜುಲೈ ೨೭, ಭಾನುವಾರ

ಮೇಯುತ್ತಿವೆ.

ಭಾನುವಾರ ತೋಟಕ್ಕೆ ಹೋಗುವ ರೂಢಿಯಿಲ್ಲ. ಹೋಗಿ ಬಂದೆ.

ಜುಲೈ ೨೮, ಸೋಮವಾರ

ಮೇಯುತ್ತಿವೆ. ಕ್ಯಾತಣ್ಣ ಮರದ ತನಕ ಬಂದು ಬೀಡಿ ಹಚ್ಚಿದ. "ಅಕ್ಕ ಮೂರು ದಿನದಿಂದ ಶೆಡ್ಡಿನಾಗೇ ಮಲಗ್ತಾಳೆ ಸಾರು. ಒಂದೊಂದು ಹುಳನೂ ಮುಟ್ಟಿ ಮುಟ್ಟಿ ನೋಡ್ತಾಳೆ, ಸೆಟೆದೈತಾ ಮೆತ್ತಗೈತಾ ಅಂತ" ಎಂದ. ದಾಳಿಂಬೆಯ ಮಾತು ತೆಗೆಯಲಿಲ್ಲ.

ಜುಲೈ ೨೯, ಮಂಗಳವಾರ

ಇವತ್ತು ಬಸ್ಸಿಳಿದು ಮರದ ಹತ್ತಿರ ಹೋಗುವ ಮೊದಲೇ ಬೋರಕ್ಕನ ದನಿ: "ಮೇಷ್ಟ್ರೇ, ಹಣ್ಣಾದ್ವು. ಕೈ ಸಾಲ್ತಿಲ್ಲ, ಬರ್ರಿ."

ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲವಂತೆ. ಆ ಕೆಲವು ಗಂಟೆಗಳಲ್ಲಿ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಆ ಚಾಪೆಯ ಸುತ್ತುಗಳಲ್ಲೇ ಅವು ಗೂಡು ಕಟ್ಟುವುದು. ಇಲ್ಲವಾದರೆ ಸಿಕ್ಕಲ್ಲಿ ನೂಲು ಬಿಟ್ಟು ವ್ಯರ್ಥ. ಆ ಹೊತ್ತಿನಲ್ಲಿ ಮಾತು ಬಿಟ್ಟವರನ್ನೂ ಕರೆಯುವುದು ಇಲ್ಲಿನ ವಾಡಿಕೆ. ಕೇರಿ ಹೆಂಗಸರು ಆಗಲೇ ಸೇರಿದ್ದರು.

ಬಾವಿಕಟ್ಟೆಯಲ್ಲಿ ಕ್ಯಾತಣ್ಣ ನನಗೆ ತಲೆಯಿಂದ ನೀರು ಹೊಯ್ದ. ಬಟ್ಟೆ ಅಲ್ಲೇ ಬಿಡಿಸಿ ತನ್ನ ಲುಂಗಿ ಕೊಟ್ಟ. ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲಿಟ್ಟು ಬಾಗಿಲಿಗೆ ಬಂದರೆ ಬೋರಕ್ಕ ಅಡ್ಡ ನಿಂತರು.

"ಕೈ ತೋರ್ಸ್ರಿ."

ಚಾಚಿದೆ. ಎರಡೂ ಅಂಗೈ ಎತ್ತಿ ಮೂಗಿಗೆ ಹಿಡಿದು ಮೂಸಿದರು. ಉಗುರಿನ ಸಂದಿ ನೋಡಿದರು. ಮತ್ತೆ ಮೂಸಿದರು. ಹಿಂದಿದ್ದ ಹೆಂಗಸರು ಕಿಸಕ್ಕೆಂದರು. ಸರಿಯಾಗಿ ನೋಡಲಿ ಎಂದು ನಾನು ಬೆರಳು ಅಗಲಿಸಿ ಹಿಡಿದೆ.

"ಬರ್ರಿ. ಕಿಟಕಿ ಕಡೆ ಬ್ಯಾಡ, ಆ ಮೂಲೆಗೆ."

ಹಣ್ಣಾದ ಹುಳುವನ್ನು ಹೊಂಬಣ್ಣದ ಮೈಯಿಂದ ಗುರುತು ಹಿಡಿಯಬೇಕು. ಬೆಳಕಿಗೆ ಹಿಡಿದರೆ ಆಚೆಯ ಬದಿ ಕಾಣುತ್ತದೆ. ಅದು ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ತಡಕುತ್ತಿರುತ್ತದೆ, ಹಿಡಿದುಕೊಳ್ಳಲು ಒಂದು ಮೂಲೆ ಸಿಕ್ಕರೆ ಸಾಕೆಂಬಂತೆ. ಒಂದು ನನ್ನ ಹೆಬ್ಬೆರಳಿಗೇ ನೂಲು ಸುತ್ತತೊಡಗಿತು. "ಅದಕ್ಕೆ ನಿಮ್ಮ ಗುರ್ತು ಸಿಕ್ಕಿಲ್ಲ, ಪಾಪ" ಎಂದರು ಬೋರಕ್ಕ. ಎಲ್ಲರೂ ನಕ್ಕರು. ನಾನೂ.

ಸಂಜೆಗೆ ಕಿಟಕಿ ಪಕ್ಕದ ಚಂದ್ರಿಕೆಯೊಂದು ಬಿಟ್ಟು ಮಿಕ್ಕವೆಲ್ಲ ತುಂಬಿದ್ದವು. ಮಳೆಯ ಸದ್ದು ನಿಂತಿತ್ತು. ಕ್ಯಾತಣ್ಣ ಎಣಿಸುವವನಂತೆ ಸುತ್ತಲೂ ನೋಡಿ, "ಸರಿ, ಹಿಪ್ಪುನೇರಳೆಗೆ ಗೊಬ್ಬರ ಹೊಡಿಸ್ತೀನಿ" ಎಂದ. "ಮೇಷ್ಟ್ರ ಗೊಬ್ಬರ ಬ್ಯಾಡ" ಎಂದರು ಬೋರಕ್ಕ. ನಾನು ಹೊರಡುವಾಗ, ಬಾಟಲಿ ಬೇಕಾದರೆ ಮತ್ತೆ ಕಟ್ಟಿಕೊಳ್ಳಿ, ಆದರೆ ಆಚೆ ಬದಿಯ ಕೊಂಬೆಗೆ, ಎಂದರು.

ಮನೆಗೆ ಬಂದದ್ದು ಕ್ಯಾತಣ್ಣನ ಲುಂಗಿಯಲ್ಲೇ. ಅನ್ನಪೂರ್ಣ ಕಾಫಿ ಕೊಟ್ಟಳು, ಕುಡಿದೆ. ಲೋಟಕ್ಕೆ ಕೈ ಚಾಚಿದವಳು ಹಾಗೇ ನನ್ನನ್ನು ನೋಡುತ್ತ ನಿಂತಳು.

"ಏನು?" ಎಂದೆ.

"ಏನಿಲ್ಲ. ಮೂಸ್ಲಿಲ್ಲ."

"ಏನನ್ನ?"

ಲೋಟ ತೆಗೆದುಕೊಂಡು ಒಳಗೆ ಹೋದಳು. ಈ ಹೆಂಗಸರು ಯಾವಾಗ ಏನು ಹೇಳುತ್ತಾರೋ.